ಹಳೇ ಕಿಟಕಿ ಬದಲಾಯಿಸೋಕೆ ಊರಿನ ಫ್ಯಾಬ್ರಿಕೇಟರಾ, ದೊಡ್ಡ ಕಂಪನಿಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ರಾಜಾಜಿನಗರದ ನಮ್ಮ ಮನೆಗೆ 11 ಕಿಟಕಿಗಳು. ಎಲ್ಲವೂ ಅಪ್ಪ ಮನೆ ಕಟ್ಟಿಸಿದಾಗಿನ ಮರದ ಕಿಟಕಿಗಳು. ಕೆಲವು ವರ್ಷಗಳ ಹಿಂದೆ ಮುಂಭಾಗದ ಐದನ್ನು ದೇಶವಿಡೀ ಹೆಸರಿರುವ ಒಂದು ಕಂಪನಿಗೆ ಕೊಟ್ಟೆವು. ಹಿಂಭಾಗದ ಆರನ್ನು ಪೀಣ್ಯದ ಒಬ್ಬ ಫ್ಯಾಬ್ರಿಕೇಟರ್, ಅಂದರೆ ಪಟ್ಟಿಗಳನ್ನು ಕತ್ತರಿಸಿ ಕಿಟಕಿ ಜೋಡಿಸುವವರು, ಮಾಡಿಕೊಟ್ಟರು. ಆಮೇಲೆ ಸಾಗರದ ಅಕ್ಕನ ಮನೆ, ಉಡುಪಿಯ ಗೆಳೆಯನ ಮನೆ ಕೆಲಸಕ್ಕೂ ಓಡಾಡಿದೆ. ಅಲ್ಲಿಂದ ಶುರು. ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ಫೋನಿನಲ್ಲಿ, ಪತ್ರದಲ್ಲಿ ಜನ ಇದೇ ವಿಷಯ ಕೇಳುತ್ತಲೇ ಇದ್ದಾರೆ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ.

## ಶುರು ಮಾಡುವವರಿಗೆ

ನಮ್ಮನೆ ಕಿಟಕಿ ನಿಜವಾಗ್ಲೂ ಬದಲಾಯಿಸಲೇಬೇಕಾ? ರಿಪೇರಿ ಮಾಡಿದ್ರೆ ಸಾಕಾಗಲ್ವಾ?

ತುಂಬಾ ಮನೆಗಳಲ್ಲಿ ರಿಪೇರಿಯೇ ಸಾಕು. ಒಂದು ಸ್ಕ್ರೂಡ್ರೈವರ್ ತಗೊಂಡು ಚೌಕಟ್ಟಿನ ಕೆಳಗಿನ ಪಟ್ಟಿಗೆ ಚುಚ್ಚಿ ನೋಡಿ. ನೀರು ನಿಲ್ಲುವುದು ಅಲ್ಲೇ, ಮರ ಮೊದಲು ಕೊಳೆಯುವುದೂ ಅಲ್ಲೇ. ತುದಿ ಸಲೀಸಾಗಿ ಅರ್ಧ ಇಂಚು ಒಳಗೆ ಹೋದರೆ ಆ ಪಟ್ಟಿ ಹೋಯಿತು ಅಂತ ಅರ್ಥ. ನಾಲ್ಕೂ ಕಡೆ ಹೀಗೇ ಆದರೆ ಬದಲಾಯಿಸಿ. ಕೆಳಗಿನದು ಮಾತ್ರ ಹಾಳಾಗಿದ್ದರೆ ಒಳ್ಳೆ ಆಚಾರಿ ಅದೊಂದನ್ನೇ ಕತ್ತರಿಸಿ ಹೊಸ ಮರ ಕೂಡಿಸಿಕೊಡುತ್ತಾರೆ.

ಮಳೆಗಾಲದಲ್ಲಿ ಮಾತ್ರ ಬಾಗಿಲು ಬಿಗಿಯಾಗುತ್ತದೆ ಅನ್ನುವುದು ಬದಲಾಯಿಸಲು ಕಾರಣವಲ್ಲ. ಮರ ನೀರು ಕುಡಿದು ಉಬ್ಬಿರುತ್ತದೆ ಅಷ್ಟೇ. ಆಗಲೇ ಉಜ್ಜಿಸಬೇಡಿ, ಬೇಸಿಗೆಯಲ್ಲಿ ಸಂದು ಬಿಡುತ್ತದೆ. ಮರ ಒಣಗಿದ ಮೇಲೆ ಎಲ್ಲಿ ತಾಗುತ್ತದೆ ನೋಡಿ, ಅಲ್ಲಿ ಮಾತ್ರ ಸ್ವಲ್ಪ ಉಜ್ಜಿಸಿ, ಅಂಚಿಗೂ ಬಣ್ಣ ಹೊಡೆಸಿ.

ಹಳೇ ತೇಗದ ಚೌಕಟ್ಟು ಗಟ್ಟಿಯಾಗಿದ್ದರೆ ದಯವಿಟ್ಟು ಕೀಳಿಸಬೇಡಿ. ಅಂಥ ಮರ ಇವತ್ತು ದುಡ್ಡು ಕೊಟ್ಟರೂ ಸುಲಭವಾಗಿ ಸಿಗುವುದಿಲ್ಲ. ನಮ್ಮ ದೇವರ ಕೋಣೆಯ ಕಿಟಕಿಯನ್ನೂ ಬದಲಾಯಿಸಿದೆವು. ಅದನ್ನು ಉಳಿಸಿಕೊಳ್ಳಬಹುದಿತ್ತು, ಆ ಬೇಜಾರು ನನಗಿನ್ನೂ ಇದೆ.

ಲೋಕಲ್ ಅಂದ್ರೆ ಯಾರು, ದೊಡ್ಡ ಕಂಪನಿ ಅಂದ್ರೆ ಯಾರು?

ಎರಡೇ ಗುಂಪು ಅಂದುಕೊಳ್ಳುತ್ತೇವೆ. ನಿಜವಾಗಿ ಮೂರು ಇವೆ.

ಒಂದು, ಕಿಟಕಿಯನ್ನು ತಾವೇ ಮಾಡುವ ದೊಡ್ಡ ಕಂಪನಿಗಳು. ಡಿಸಿಎಂ ಶ್ರೀರಾಮ್ ಅವರ ಫೆನೆಸ್ಟಾ, ಜಪಾನಿನ ಲಿಕ್ಸಿಲ್‌ನ ಟೋಸ್ಟೆಮ್ ಇಂಥವು. ಕಿಟಕಿ ಫ್ಯಾಕ್ಟರಿಯಲ್ಲೇ ತಯಾರಾಗಿ ಬರುತ್ತದೆ. ಎರಡು, ಪ್ರೊಫೈಲ್ (ಚೌಕಟ್ಟು ಮಾಡಲು ಬಳಸುವ ಉದ್ದನೆಯ ಪಟ್ಟಿ) ಮಾತ್ರ ದೊಡ್ಡ ಕಂಪನಿಯದು, ಕಿಟಕಿ ಮಾಡುವವರು ಊರಿನವರು. ಜರ್ಮನಿಯ ವೇಕಾ, ರೆಹೌ, ಕೊಮರ್ಲಿಂಗ್‌ನ ಯುಪಿವಿಸಿ (ಕಿಟಕಿಗೆ ಬಳಸುವ ಗಟ್ಟಿ ಪ್ಲಾಸ್ಟಿಕ್) ಪ್ರೊಫೈಲ್‌ಗಳು ನಮಗೆ ಹೆಚ್ಚಾಗಿ ಸಿಗುವುದು ಫ್ಯಾಬ್ರಿಕೇಟರ್‌ಗಳ ಮೂಲಕ. ಅಲ್ಯೂಮಿನಿಯಂನಲ್ಲೂ ಹಾಗೇ. ನಮ್ಮ ಬೆಂಗಳೂರಿನ ಜಿಂದಾಲ್ ಅಲ್ಯೂಮಿನಿಯಂ 1968ರಿಂದ ಇದೆ, ಅದರ ಸೆಕ್ಷನ್ (ಅಲ್ಯೂಮಿನಿಯಂ ಪಟ್ಟಿ) ತಂದು ಕತ್ತರಿಸಿ ಜೋಡಿಸುವ ಅಂಗಡಿಗಳು ಊರೂರಲ್ಲಿ ಇವೆ. ಮೂರು, ಯಾವ ಪ್ರೊಫೈಲ್ ಅಗ್ಗವಾಗಿ ಸಿಕ್ಕಿತೋ ಅದರಲ್ಲಿ ಮಾಡಿಕೊಡುವವರು.

ಜನ ‘ಲೋಕಲ್ ಕೆಲಸ ಕೆಟ್ಟದು’ ಅನ್ನುವಾಗ ಹೆಚ್ಚಾಗಿ ಮೂರನೆಯವರ ಬಗ್ಗೆ ಹೇಳುತ್ತಿರುತ್ತಾರೆ. ಎರಡನೆಯ ಗುಂಪಿನಲ್ಲಿ ತುಂಬಾ ಒಳ್ಳೆ ಕೆಲಸಗಾರರಿದ್ದಾರೆ.

ಉದ್ದ ಕಥೆ ಬೇಡ. ಯಾರಿಗೆ ಕೊಡಲಿ ಹೇಳಿಬಿಡಿ.

ಅಳತೆ ತೆಗೆಯುವವರು ಯಾರು, ಕೂರಿಸುವವರು ಯಾರು, ಮುಂದಿನ ಮಳೆಗಾಲದಲ್ಲಿ ನೀರು ಬಂದರೆ ಯಾರು ಬರುತ್ತಾರೆ? ಈ ಮೂರಕ್ಕೂ ಸ್ಪಷ್ಟವಾಗಿ ಹೆಸರು ಹೇಳುವವರಿಗೆ ಕೊಡಿ. ಬೋರ್ಡ್ ಮೇಲೆ ಯಾವ ಹೆಸರಿದೆ ಅನ್ನುವುದು ಆಮೇಲಿನ ಮಾತು.

ಆದರೂ ಒತ್ತಾಯ ಮಾಡಿ ಕೇಳುವವರಿಗೆ ನಾನು ಹೇಳುವುದು ಇಷ್ಟು. ನಾಲ್ಕಾರು ಸಾಧಾರಣ ಕಿಟಕಿ, ನೆಲಮಹಡಿ ಅಥವಾ ಒಂದನೇ ಮಹಡಿ, ಮನೆ ಹತ್ತಿರವೇ ಫ್ಯಾಬ್ರಿಕೇಟರ್ ಇದ್ದಾರೆ ಅಂದರೆ ಎರಡನೆಯ ಗುಂಪಿನವರೇ ಸರಿ. ಎತ್ತರದ ಅಪಾರ್ಟ್‌ಮೆಂಟ್, ಗಾಳಿ ಜಾಸ್ತಿ, ಹತ್ತು ಅಡಿ ಅಗಲದ ಗಾಜಿನ ಬಾಗಿಲು ಇದ್ದರೆ ದೊಡ್ಡ ಕಂಪನಿಯ ಹತ್ತಿರ ಹೋಗಿ. ಗಾಳಿಯ ಒತ್ತಡಕ್ಕೆ ಎಷ್ಟು ದಪ್ಪದ ಸೆಕ್ಷನ್ ಬೇಕು ಅಂತ ಲೆಕ್ಕ ಹಾಕಲು ಅಲ್ಲಿ ಎಂಜಿನಿಯರ್‌ಗಳು ಇರುತ್ತಾರೆ.

ದೊಡ್ಡ ಕಂಪನಿ ಅಂದ್ರೆ ಅವರದೇ ಜನ ಬಂದು ಹಾಕ್ತಾರೆ ಅಲ್ವಾ?

ಯಾವಾಗಲೂ ಅಲ್ಲ. ಶೋರೂಮ್ ಡೀಲರ್‌ನದಾಗಿರಬಹುದು. ಕೂರಿಸುವ ತಂಡ ಒಬ್ಬ ಗುತ್ತಿಗೆದಾರರದಾಗಿರಬಹುದು. ನಮ್ಮ ಮನೆಗೆ ಬಂದ ಇಬ್ಬರು ಹುಡುಗರು ಹಿಂದಿನ ವಾರ ಬೇರೆ ಯಾರದೋ ಕಿಟಕಿ ಕೂರಿಸಿ ಬಂದಿದ್ದರು. ಅದರಲ್ಲಿ ತಪ್ಪೇನಿಲ್ಲ, ಕೆಲಸ ಅಚ್ಚುಕಟ್ಟಾಗಿಯೇ ಮಾಡಿದರು. ಆದರೆ ಫ್ಯಾಕ್ಟರಿಯಲ್ಲಿ ಎಷ್ಟೇ ನಾಜೂಕಾಗಿ ಮಾಡಿದ ಕಿಟಕಿಯೂ ಕೊನೆಗೆ ಊರಿನ ಕೈಯಲ್ಲೇ ಗೋಡೆ ಸೇರುವುದು. ಆದ್ದರಿಂದ ಆರ್ಡರ್ ಕೊಡುವ ಮೊದಲು ‘ಕೂರಿಸುವುದು ಕಂಪನಿಯ ನೌಕರರಾ, ಡೀಲರ್ ಕಡೆಯವರಾ? ತಪ್ಪಾದರೆ ಹೊಣೆ ಯಾರದು?’ ಅಂತ ಕೇಳಿ. ಉತ್ತರವನ್ನು ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ.

## ದುಡ್ಡಿನ ವಿಷಯ

ಒಂದೇ ಕಿಟಕಿಗೆ ಮೂರು ಜನ ಮೂರು ರೇಟ್ ಹೇಳಿದ್ರು. ಅದೂ ಡಬಲ್ ವ್ಯತ್ಯಾಸ! ಯಾರನ್ನ ನಂಬೋದು?

ಮೂವರೂ ಒಂದೇ ಕಿಟಕಿಗೆ ರೇಟ್ ಹೇಳಿಲ್ಲ, ಅದೇ ಸಮಸ್ಯೆ. ಒಬ್ಬರು 4 ಎಂಎಂ ಸಾದಾ ಗಾಜು ಹಿಡಿದಿರುತ್ತಾರೆ, ಇನ್ನೊಬ್ಬರು 5 ಎಂಎಂ ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ ಗಾಜು). ಒಬ್ಬರ ರೇಟಿನಲ್ಲಿ ಸೊಳ್ಳೆ ಜಾಲರಿಯ ಬಾಗಿಲು ಸೇರಿದೆ, ಇನ್ನೊಬ್ಬರದರಲ್ಲಿ ಇಲ್ಲ. ಹಳೇ ಚೌಕಟ್ಟು ಕೀಳುವುದು, ಒಡೆದ ಪ್ಲಾಸ್ಟರ್ ಸರಿ ಮಾಡುವುದು, ಬಣ್ಣ, ಸಾಗಣೆ, ಜಿಎಸ್‌ಟಿ, ಇವೆಲ್ಲ ಯಾರ ತಲೆಗೆ?

ನಾನು ಮಾಡಿದ್ದು ಹೀಗೆ. ಒಂದು ಹಾಳೆಯಲ್ಲಿ ನಮಗೆ ಬೇಕಾದ್ದನ್ನು ಬರೆದೆ. ಕಿಟಕಿಯ ಅಗಲ, ಎತ್ತರ. ಸ್ಲೈಡಿಂಗಾ, ಬಾಗಿಲಿನ ಹಾಗೆ ತೆರೆಯುವುದಾ. ಎಷ್ಟು ಟ್ರ್ಯಾಕ್ (ಬಾಗಿಲು ಸರಿಯುವ ಹಳಿ). ಗಾಜಿನ ದಪ್ಪ. ಜಾಲರಿ ಯಾವುದು. ಪ್ರೊಫೈಲ್ ಯಾರದು. ಆ ಹಾಳೆಯ ನಕಲನ್ನೇ ಮೂವರಿಗೂ ಕೊಟ್ಟು, ‘ಇದಕ್ಕೆ ಮಾತ್ರ ಹೇಳಿ, ಗಾರೆ ಕೆಲಸ ಬೇರೆ ಸಾಲಿನಲ್ಲಿ ಬರೆಯಿರಿ’ ಅಂದೆ. ವ್ಯತ್ಯಾಸ ಅರ್ಧಕ್ಕರ್ಧ ಇಳಿಯಿತು. ಉಳಿದದ್ದು ಹೆಸರಿಗೆ, ಜಾಹೀರಾತಿಗೆ, ಶೋರೂಮ್ ಬಾಡಿಗೆಗೆ, ಜೊತೆಗೆ ನಿಜವಾದ ಫ್ಯಾಕ್ಟರಿ ನಿಖರತೆಗೆ ಕೊಡುವ ಬೆಲೆ.

ಚದರ ಅಡಿ ರೇಟ್ ಕಡಿಮೆ ಇತ್ತು, ಆದ್ರೆ ಒಟ್ಟು ಬಿಲ್ ಜಾಸ್ತಿ ಬಂತು. ಹೇಗೆ?

ಅಳತೆಯನ್ನು ಮೇಲಕ್ಕೆ ಏರಿಸುವುದರಿಂದ. 3 ಅಡಿ 8 ಇಂಚು ಚೌಕದ ಕಿಟಕಿ ಸುಮಾರು 13.4 ಚದರ ಅಡಿ. ಅದನ್ನು 4 ಅಡಿ ಅಂತ ಹಿಡಿದರೆ 16 ಚದರ ಅಡಿ ಆಗುತ್ತದೆ. ಕೂತಲ್ಲೇ ಶೇ 19ರಷ್ಟು ಜಾಸ್ತಿ! ಬಚ್ಚಲುಮನೆಯ ಚಿಕ್ಕ ವೆಂಟಿಲೇಟರ್‌ಗೆ ‘ಕನಿಷ್ಠ ಇಷ್ಟು ಚದರ ಅಡಿ’ ಅಂತ ಬೇರೆ ಲೆಕ್ಕ ಇಟ್ಟಿರುವವರೂ ಇದ್ದಾರೆ. ಚಿಕ್ಕ ಕಿಟಕಿಗೂ ಹ್ಯಾಂಡಲ್, ಲಾಕ್, ಕೆಲಸ ಅಷ್ಟೇ ಬೀಳುತ್ತದೆ, ಹಾಗಾಗಿ ಅದು ಪೂರ್ತಿ ಅನ್ಯಾಯವೂ ಅಲ್ಲ. ಮೊದಲೇ ಹೇಳಿರಬೇಕು ಅಷ್ಟೇ. ಚದರ ಅಡಿ ಮಾತು ಬಿಡಿ, ಪ್ರತಿ ಕಿಟಕಿಗೂ ಒಂದೊಂದು ಬೆಲೆ ಬರೆಸಿಕೊಳ್ಳಿ.

ಬಿಲ್ ಬೇಡ ಅಂದ್ರೆ ಜಿಎಸ್‌ಟಿ ಬಿಡ್ತೀನಿ ಅಂತಾರೆ. ತಗೊಳ್ಳೋದಾ?

ಬೇಡ. ಕಿಟಕಿಗೆ ಜಿಎಸ್‌ಟಿ ಶೇ 18. ಲಕ್ಷ ರೂಪಾಯಿ ಕೆಲಸಕ್ಕೆ 18,000 ಅಂದರೆ ಯಾರಿಗಾದರೂ ಆಸೆಯಾಗುತ್ತದೆ. ಆದರೆ ತೆರಿಗೆ ತಪ್ಪಿಸುವುದು ತಪ್ಪು ಅನ್ನುವುದರ ಜೊತೆಗೆ, ಬಿಲ್ ಇಲ್ಲ ಅಂದರೆ ನಾಳೆ ಪ್ರೊಫೈಲ್ ಹಳದಿಯಾದಾಗ ವಾರಂಟಿ ಕೇಳಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಒಂದು ವಿಷಯ ಗಮನದಲ್ಲಿರಲಿ. ತೀರಾ ಚಿಕ್ಕ ವ್ಯಾಪಾರಸ್ಥರಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಅಂಥವರು ತೆರಿಗೆ ಹಾಕದೆ ಇರುವುದು ಕಾನೂನಿಗೆ ಸರಿಯಾಗಿಯೇ ಇರುತ್ತದೆ. ಆದರೆ ಅವರೂ ಸಾದಾ ಬಿಲ್ ಕೊಡಲೇಬೇಕು. ನೋಂದಣಿ ಇಲ್ಲದವರು ಜಿಎಸ್‌ಟಿ ಅಂತ ಬರೆದು ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ಬಿಲ್ಲಿನಲ್ಲಿ ಜಿಎಸ್‌ಟಿ ಸಂಖ್ಯೆ ಇದ್ದರೆ ಸರ್ಕಾರದ ಜಿಎಸ್‌ಟಿ ಜಾಲತಾಣದಲ್ಲಿ ಹಾಕಿ ನೋಡಿ, ಯಾರ ಹೆಸರಿನಲ್ಲಿದೆ ಗೊತ್ತಾಗುತ್ತದೆ.

ಎಷ್ಟು ಅಡ್ವಾನ್ಸ್ ಕೊಡ್ಬಹುದು?

ಅಳತೆಗೆ ತಕ್ಕಂತೆ ಮಾಡುವ ವಸ್ತು ಆದ್ದರಿಂದ ಅಡ್ವಾನ್ಸ್ ಕೇಳುವುದು ನ್ಯಾಯವೇ. ನಿಮ್ಮ ಕಿಟಕಿ ಇನ್ನೊಬ್ಬರ ಗೋಡೆಗೆ ಕೂರುವುದಿಲ್ಲ. ಊರಿನವರ ಹತ್ತಿರ ಅರ್ಧಕ್ಕಿಂತ ಜಾಸ್ತಿ ಕೊಡಬೇಡಿ. ಚೌಕಟ್ಟು ಮನೆಗೆ ಬಂದಾಗ ಇನ್ನೊಂದು ಕಂತು ಕೊಡಿ. ಶೇ 10 ಆದರೂ ಕೊನೆಗೆ ಉಳಿಸಿಕೊಳ್ಳಿ.

ದೊಡ್ಡ ಕಂಪನಿಗಳಲ್ಲಿ ಈ ಕೊನೆಯ ಭಾಗಕ್ಕೆ ಒಪ್ಪಿಸುವುದು ಕಷ್ಟ. ಹೆಚ್ಚಾಗಿ ಸಾಮಾನು ಫ್ಯಾಕ್ಟರಿ ಬಿಡುವ ಮೊದಲೇ ಪೂರ್ತಿ ಹಣ ಕೇಳುತ್ತಾರೆ. ಆಗ ಹಣವನ್ನು ಕಂಪನಿಯ ಬ್ಯಾಂಕ್ ಖಾತೆಗೇ ಹಾಕಿ. ಡೀಲರ್‌ನ ಅಥವಾ ಮಾರಾಟದ ಹುಡುಗನ ಸ್ವಂತ ಖಾತೆಗೆ ಹಾಕಬೇಡಿ.

‘ಇವತ್ತೇ ಬುಕ್ ಮಾಡಿದ್ರೆ 20 ಪರ್ಸೆಂಟ್ ಡಿಸ್ಕೌಂಟ್’ ಅಂತಿದಾರೆ. ಬಿಟ್ರೆ ನಷ್ಟ ಆಗುತ್ತಾ?

ಆಗುವುದಿಲ್ಲ. ಮುಂದಿನ ವಾರ ಫೋನ್ ಮಾಡಿ, ಹೆಚ್ಚಾಗಿ ಅದೇ ರೇಟ್ ಸಿಗುತ್ತದೆ. ಮನೆಯ ಕಿಟಕಿ ಇಪ್ಪತ್ತು ವರ್ಷದ ಮಾತು, ಸಂಜೆಯೊಳಗೆ ತೀರ್ಮಾನ ಮಾಡಬೇಕಾದ್ದಲ್ಲ.

## ಊರು, ಮಳೆ, ಮನೆ

ನಾವು ಉಡುಪಿ ಕಡೆಯವರು. ಸಮುದ್ರ ಒಂದು ಕಿಲೋಮೀಟರ್ ದೂರ. ಬೆಂಗಳೂರಿನ ಕಂಪನಿಗೆ ಇಲ್ಲಿನ ಮಳೆ ಗೊತ್ತಿರುತ್ತಾ?

ಈ ಪ್ರಶ್ನೆ ಕೇಳಿದ್ದು ನನ್ನ ಗೆಳೆಯ. ಇದಕ್ಕಿಂತ ಒಳ್ಳೆ ಪ್ರಶ್ನೆ ಯಾರೂ ಕೇಳಿಲ್ಲ. ಕರಾವಳಿಯಲ್ಲಿ ಮಳೆ ಮೇಲಿನಿಂದ ಮಾತ್ರ ಬೀಳುವುದಿಲ್ಲ, ಗಾಳಿಯ ಜೊತೆ ಅಡ್ಡಡ್ಡ ಬಂದು ಹೊಡೆಯುತ್ತದೆ. ಸ್ಲೈಡಿಂಗ್ ಕಿಟಕಿಯ ಟ್ರ್ಯಾಕ್‌ಗೆ ನುಗ್ಗಿದ ನೀರು ಹೊರಗೆ ಹೋಗಲು ಕೆಳಗೆ ಸಣ್ಣ ಕಿಂಡಿಗಳಿರುತ್ತವೆ. ಅವು ಸಾಲದಿದ್ದರೆ ಅಥವಾ ಹೊರಗಿನ ಗಾಳಿಯ ಒತ್ತಡ ಜಾಸ್ತಿಯಾದರೆ ನೀರು ಮನೆಯೊಳಗೆ ಉಕ್ಕುತ್ತದೆ. ಪಡುವಣ ಗೋಡೆಗೆ ಸ್ಲೈಡಿಂಗ್ ಬೇಡ. ಬಾಗಿಲಿನ ಹಾಗೆ ಮುಚ್ಚಿ ರಬ್ಬರಿಗೆ ಒತ್ತಿ ಕೂರುವ ಕೇಸ್‌ಮೆಂಟ್ ಹಾಕಿಸಿ. ಸಜ್ಜಾ ಚಿಕ್ಕದಿದ್ದರೆ ಮೊದಲು ಅದನ್ನು ಉದ್ದ ಮಾಡಿಸಿ.

ಉಪ್ಪು ಗಾಳಿಗೆ ಸಾದಾ ಸ್ಕ್ರೂ, ಕೀಲುಗಳು ಬೇಗ ತುಕ್ಕು ಹಿಡಿಯುತ್ತವೆ. ಸ್ಟೇನ್‌ಲೆಸ್ ಅಂದರೆ ಸಾಲದು, 316 ದರ್ಜೆಯದು ಬೇಕು ಅಂತ ಕೇಳಿ. 304 ದರ್ಜೆಯೂ ಕಡಲ ಹತ್ತಿರ ಕಲೆಗಟ್ಟುತ್ತದೆ. ಊರಿನ ಫ್ಯಾಬ್ರಿಕೇಟರ್ ಈ ಮಾತನ್ನು ನೀವು ಕೇಳುವ ಮೊದಲೇ ಹೇಳಿದರೆ ಅವರಿಗೆ ಧೈರ್ಯವಾಗಿ ಕೆಲಸ ಕೊಡಬಹುದು. ಗೆಳೆಯ ಕೊನೆಗೆ ಕೊಟ್ಟಿದ್ದೂ ಅಂಥವರಿಗೇ. ಅವರು ಐದು ಮಳೆಗಾಲದ ಹಿಂದೆ ಹಾಕಿದ್ದ ಒಂದು ಮನೆಗೆ ಕರೆದುಕೊಂಡು ಹೋಗಿ ತೋರಿಸಿದ್ದರು.

ಮಲೆನಾಡಿನ ಹಳ್ಳಿ ನಮ್ದು. ಕಂಪನಿಯವರು ಇಲ್ಲಿಗೆಲ್ಲ ಬರ್ತಾರಾ?

ಹಾಕಲು ಒಂದು ಸಲ ಬರಬಹುದು. ಆಮೇಲೆ ಒಂದು ರೋಲರ್ ಹೋದರೆ ಶಿವಮೊಗ್ಗದಿಂದಲೋ ಹುಬ್ಬಳ್ಳಿಯಿಂದಲೋ ಆಳು ಬರುವುದಕ್ಕೆ ವಾರಗಟ್ಟಲೆ ಕಾಯಬೇಕಾಗುತ್ತದೆ. ಅಲ್ಲಿ ಊರಿನವರೇ ಸರಿ, ನನಗೆ ಸಂಶಯವಿಲ್ಲ. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ 1,000 ಎಂಎಂ ಆಸುಪಾಸು, ಆಗುಂಬೆಯಲ್ಲಿ 7,000 ದಾಟುತ್ತದೆ. ಅಂಥ ಕಡೆ ಕೆಲಸ ಮಾಡಿ ಗೊತ್ತಿರುವ ಕೈ ಬೇಕು.

ಇನ್ನೊಂದು ಮಂಗನ ಕಾಟ. ಅಕ್ಕನ ಮನೆಯಲ್ಲಿ ಫೈಬರ್ ಜಾಲರಿ ಒಂದು ತಿಂಗಳೂ ಬಾಳಲಿಲ್ಲ. ಚಿಲಕ ಹಾಕದ ಸ್ಲೈಡಿಂಗ್ ಬಾಗಿಲನ್ನು ಮಂಗಗಳು ಸರಾಗವಾಗಿ ಸರಿಸುತ್ತವೆ. ಸ್ಟೀಲ್ ಜಾಲರಿ ಹಾಕಿಸಿ, ಜಾಲರಿಯ ಬಾಗಿಲಿಗೂ ಲಾಕ್ ಇರಲಿ. ಶೋರೂಮಿನವರಿಗೆ ಇದು ಹೊಳೆಯುವುದಿಲ್ಲ, ಸಾಗರದ ಫ್ಯಾಬ್ರಿಕೇಟರ್ ಕೇಳದೆಯೇ ಹೇಳಿದರು.

ರಾಯಚೂರಿನ ಬಿಸಿಲಿಗೆ ಪ್ಲಾಸ್ಟಿಕ್ ಕಿಟಕಿ ಬಗ್ಗಲ್ವಾ?

ಒಳ್ಳೆ ಯುಪಿವಿಸಿ ಬಗ್ಗುವುದಿಲ್ಲ, ಆದರೆ ಹಿಗ್ಗುತ್ತದೆ. ಒಂದು ಮೀಟರ್ ಉದ್ದಕ್ಕೆ 10 ಡಿಗ್ರಿ ಬಿಸಿ ಏರಿದರೆ ಸುಮಾರು 0.7 ಎಂಎಂ. ಎರಡು ಮೀಟರ್ ಚೌಕಟ್ಟು 20 ಡಿಗ್ರಿ ಏರಿಳಿತ ಕಂಡರೆ ಹತ್ತಿರ ಹತ್ತಿರ 3 ಎಂಎಂ. ಅದಕ್ಕೆ ಗೋಡೆಗೂ ಚೌಕಟ್ಟಿಗೂ ನಡುವೆ ಜಾಗ ಬಿಡಬೇಕು. ಸಂದನ್ನು ಸಿಮೆಂಟಿನಿಂದ ಬಿಗಿಯಾಗಿ ತುಂಬಿಬಿಟ್ಟರೆ ಹಿಗ್ಗಲು ಜಾಗವಿಲ್ಲದೆ ಬಾಗಿಲು ಸಿಕ್ಕಿಕೊಳ್ಳುತ್ತದೆ. ಕಡು ಬಣ್ಣದ ಪ್ರೊಫೈಲ್ ಬಿಳಿಯದಕ್ಕಿಂತ ಜಾಸ್ತಿ ಕಾಯುತ್ತದೆ. ಬಯಲುಸೀಮೆಯ ಪಡುವಣ ಗೋಡೆಗೆ ಬಿಳಿಯೇ ಇರಲಿ. ಕಡು ಬಣ್ಣ ಬೇಕೇ ಬೇಕು ಅಂದರೆ ಅಲ್ಯೂಮಿನಿಯಂ ನೋಡಿ.

ಅಪಾರ್ಟ್‌ಮೆಂಟ್‌ನಲ್ಲಿ ನಮಗಿಷ್ಟ ಬಂದವರ ಹತ್ರ ಮಾಡಿಸ್ಬಹುದಾ?

ಮೊದಲು ಅಸೋಸಿಯೇಷನ್ ನಿಯಮ ಓದಿ. ಹೊರಗಿನ ನೋಟ ಎಲ್ಲ ಮನೆಗೂ ಒಂದೇ ತರಹ ಇರಬೇಕು ಅಂತ ಬರೆದಿರುವುದೇ ಹೆಚ್ಚು. ಬಣ್ಣ, ಪಟ್ಟಿಯ ಅಗಲ, ಗಾಜಿನ ಛಾಯೆ ಎಲ್ಲ ಹೊಂದಬೇಕಾಗುತ್ತದೆ. ಮೂಲ ಕಿಟಕಿ ಮಾಡಿದವರು ಯಾರು ಅಂತ ವಿಚಾರಿಸಿ, ಅದೇ ಪ್ರೊಫೈಲ್ ಸಿಕ್ಕರೆ ಅರ್ಧ ತಲೆನೋವು ಕಡಿಮೆ. ನಾಲ್ಕಾರು ಮನೆಯವರು ಸೇರಿ ಒಟ್ಟಿಗೆ ಆರ್ಡರ್ ಕೊಟ್ಟರೆ ಊರಿನವರೂ ಕಂಪನಿಯವರೂ ರೇಟ್ ಇಳಿಸುತ್ತಾರೆ.

ಹಳೇ ಕಿಟಕಿಯಲ್ಲಿ ಕಂಬಿ ಚೌಕಟ್ಟಿನಲ್ಲೇ ಇತ್ತು. ಹೊಸದರಲ್ಲಿ ಗ್ರಿಲ್ ಏನು ಮಾಡೋದು?

ಇದನ್ನು ಕಿಟಕಿ ಆರ್ಡರ್ ಕೊಡುವ ಮೊದಲೇ ತೀರ್ಮಾನಿಸಬೇಕು. ಮರದ ಚೌಕಟ್ಟಿನಲ್ಲಿ ಸರಳುಗಳು ಮರದೊಳಗೇ ಹೂತಿರುತ್ತಿದ್ದವು, ಬಾಗಿಲು ಹೊರಕ್ಕೆ ತೆರೆಯುತ್ತಿತ್ತು. ಚೌಕಟ್ಟು ಕಿತ್ತರೆ ಕಂಬಿಯೂ ಹೋಗುತ್ತದೆ. ಹೊಸ ಗ್ರಿಲ್ ಅನ್ನು ಹೊರಗಡೆ ಹಾಕಿದರೆ ಕಿಟಕಿ ಒಳಕ್ಕೆ ತೆರೆಯಬೇಕು ಅಥವಾ ಸ್ಲೈಡಿಂಗ್ ಆಗಬೇಕು. ಒಳಕ್ಕೆ ತೆರೆದರೆ ಪರದೆಗೆ ಅಡ್ಡ. ಒಂದನ್ನು ಆರಿಸಿದರೆ ಇನ್ನೊಂದು ಬದಲಾಗುತ್ತದೆ.

ಗ್ರಿಲ್ ಅನ್ನು ಯುಪಿವಿಸಿ ಚೌಕಟ್ಟಿಗೆ ಸ್ಕ್ರೂ ಹೊಡೆದು ನಿಲ್ಲಿಸಲು ಬಿಡಬೇಡಿ. ಗೋಡೆಗೇ ಆ್ಯಂಕರ್ ಬೋಲ್ಟ್ ಹಾಕಿಸಿ. ದೊಡ್ಡ ಕಂಪನಿಯವರು ಹಲವರು ಗ್ರಿಲ್ ಕೆಲಸ ಮುಟ್ಟುವುದೇ ಇಲ್ಲ. ಆಗ ವೆಲ್ಡಿಂಗ್ ಅಂಗಡಿಯವರನ್ನು ನೀವೇ ಹೊಂದಿಸಿಕೊಳ್ಳಬೇಕು. ಕಿಟಕಿ ಕಿತ್ತ ದಿನವೇ ಗ್ರಿಲ್ ಕೂರುವ ಹಾಗೆ ನೋಡಿಕೊಳ್ಳಿ. ಇಲ್ಲದಿದ್ದರೆ ರಾತ್ರಿ ಮನೆ ಬರಿದಾಗಿ ತೆರೆದಿರುತ್ತದೆ.

ಎಷ್ಟು ದಿನ ಹಿಡಿಯುತ್ತೆ? ಯಾವ ತಿಂಗಳು ಒಳ್ಳೇದು?

ಗೋಡೆಯ ಕೆಲಸ ದಿನಕ್ಕೆ ಎರಡು ಮೂರು ಕಿಟಕಿ. ಕಾಯುವುದು ಅದಕ್ಕೆ ಮೊದಲು. ಊರಿನವರು ಎರಡು ಮೂರು ವಾರದಲ್ಲಿ ತರಬಹುದು, ದೊಡ್ಡ ಕಂಪನಿಗೆ ತಿಂಗಳಿಗಿಂತ ಜಾಸ್ತಿ ಹಿಡಿಯಿರಿ. ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆ ಕಾಲ. ಕರಾವಳಿ, ಮಲೆನಾಡಿನವರು ಯುಗಾದಿಯೊಳಗೆ ಆರ್ಡರ್ ಕೊಟ್ಟುಬಿಡಿ. ಮೇ ಕೊನೆಗೆ ಎಲ್ಲರಿಗೂ ಅವಸರ, ಅವಸರದ ಅಳತೆ ತಪ್ಪುತ್ತದೆ.

## ಆಳವಾಗಿ ತಿಳಿಯಬೇಕು ಅನ್ನುವವರಿಗೆ

ಫ್ಯಾಬ್ರಿಕೇಟರ್ ಶೆಡ್ಡಿಗೆ ಹೋದಾಗ ಏನು ನೋಡ್ಬೇಕು? ನಮಗೇನು ಗೊತ್ತಾಗುತ್ತೆ?

ಗೊತ್ತಾಗುತ್ತದೆ. ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡು ಹೋಗಿ. ಯುಪಿವಿಸಿ ಪಟ್ಟಿಯೊಳಗೆ ಜಿಐ (ಸತು ಲೇಪಿಸಿದ) ಸ್ಟೀಲ್ ಇರಬೇಕು, ಅದೇ ಅದರ ಬೆನ್ನೆಲುಬು. ತಯಾರಾದ ಕಿಟಕಿಯ ಮೇಲೆ ಉದ್ದಕ್ಕೂ ಆಡಿಸಿ. ಮೂಲೆಯ ಹತ್ತಿರ ಸ್ವಲ್ಪ ಬಿಟ್ಟು ಉಳಿದ ಕಡೆ ಎಳೆಯಬೇಕು. ಮಧ್ಯದಲ್ಲಿ ತುಂಡು ತುಂಡಾಗಿ ಎಳೆದರೆ ಸ್ಟೀಲ್ ಉಳಿಸಿದ್ದಾರೆ ಅಂತ ಅರ್ಥ.

ಆಮೇಲೆ ಕತ್ತರಿಸಿದ ತುಂಡೊಂದನ್ನು ಕೇಳಿ, ಹೊರಗಿನ ಗೋಡೆಯ ದಪ್ಪ ನೋಡಿ. ಯುರೋಪಿನ ಮಾನದಂಡದಲ್ಲಿ ಎ ವರ್ಗಕ್ಕೆ 2.8 ಎಂಎಂ, ಬಿ ವರ್ಗಕ್ಕೆ 2.5 ಎಂಎಂ. ಅಲ್ಲಿಂದ ಎಷ್ಟು ಕೆಳಗಿದೆ ಅನ್ನುವುದು ನಿಮಗೆ ಅಂದಾಜು ಕೊಡುತ್ತದೆ. ಪ್ರೊಫೈಲ್ ಮೇಲೆ ಕಂಪನಿಯ ಹೆಸರು ಅಚ್ಚಾಗಿರುತ್ತದೆ. ಕೊಟೇಶನ್‌ನಲ್ಲಿ ಬರೆದ ಹೆಸರೇ ಇದೆಯಾ ನೋಡಿ. ಮೂಲೆಯ ವೆಲ್ಡಿಂಗ್ ಒಂದೇ ಸಮ ಇರಬೇಕು, ಸಂದು ಕಾಣಬಾರದು. ಟಫನ್ಡ್ ಗಾಜಿನ ಮೂಲೆಯಲ್ಲಿ ಅಳಿಸಲಾಗದ ಸಣ್ಣ ಮುದ್ರೆ ಇರಬೇಕು.

ಶೆಡ್ಡು ತೋರಿಸಲು ಹಿಂಜರಿಯುವವರಿಗೆ ಕೆಲಸ ಕೊಡಬೇಡಿ. ನಮ್ಮ ಪೀಣ್ಯದವರು ಚಹಾ ತರಿಸಿ, ಕತ್ತರಿಸುವ ಯಂತ್ರದ ಪಕ್ಕದಲ್ಲೇ ನಿಲ್ಲಿಸಿಕೊಂಡು ಎಲ್ಲ ತೋರಿಸಿದರು.

ಅಳತೆ ತಪ್ಪಾದ್ರೆ ಯಾರ ಹೊಣೆ?

ಅಳತೆ ತೆಗೆದವರದು. ಅದಕ್ಕೇ ನೀವು ಅಳತೆ ಕೊಡಬೇಡಿ, ಅವರೇ ಬಂದು ತೆಗೆಯಲಿ, ಹಾಳೆಗೆ ಸಹಿ ಹಾಕಲಿ. ಹಳೇ ಮನೆಯ ಗೋಡೆಯಲ್ಲಿ ಕಿಟಕಿ ಕೂರುವ ಜಾಗ ಯಾವುದೂ ಸರಿಯಾದ ಚೌಕವಲ್ಲ. ಅಗಲ ಮೂರು ಕಡೆ, ಎತ್ತರ ಮೂರು ಕಡೆ, ಮೂಲೆಯಿಂದ ಮೂಲೆಗೆ ಎರಡು ಅಳತೆ. ಅಗಲದಲ್ಲೂ ಎತ್ತರದಲ್ಲೂ ಚಿಕ್ಕದನ್ನು ಹಿಡಿದು, ಸುತ್ತ ಸಂದು ಬಿಡಬೇಕು. ಒಂದೇ ಸಲ ಟೇಪ್ ಹಿಡಿದು ಬರೆದುಕೊಂಡು ಹೊರಟವರನ್ನು ಮತ್ತೆ ಕರೆಯಿರಿ.

ನಮ್ಮ ಹಿಂದಿನ ಕೋಣೆಯ ಒಂದು ಕಿಟಕಿಗೆ ಹೀಗೇ ಆಯಿತು. ಊರಿನವರ ಹುಡುಗ ಮೇಲಿನ ಅಗಲ ಮಾತ್ರ ಬರೆದುಕೊಂಡಿದ್ದ, ಕೆಳಗೆ ಅರ್ಧ ಇಂಚು ಕಿರಿದು. ಟಫನ್ಡ್ ಗಾಜನ್ನು ಆಮೇಲೆ ಕತ್ತರಿಸಲು ಆಗುವುದಿಲ್ಲ, ಪುಡಿಪುಡಿಯಾಗುತ್ತದೆ. ಇಡೀ ಕಿಟಕಿ ಹೊಸದಾಗಿ ಮಾಡಬೇಕಾಯಿತು. ಸಹಿ ಹಾಕಿದ ಹಾಳೆ ಇತ್ತು, ಅವರು ಒಂದು ಮಾತೂ ಆಡದೆ ಒಂಬತ್ತು ದಿನದಲ್ಲಿ ಹೊಸದು ತಂದರು. ಅವರ ಮೇಲೆ ನನಗೆ ಗೌರವ ಹೆಚ್ಚಿದ್ದು ಅವತ್ತೇ.

ಹೊಸ ಕಿಟಕಿಯಿಂದಲೇ ನೀರು ಒಳಗೆ ಬರ್ತಿದೆ. ಮಾಲು ಕೆಟ್ಟದ್ದಾ?

ಮಾಲಿಗಿಂತ ಮೊದಲು ಗಾರೆ ಕೆಲಸ ನೋಡಿ. ಮುಂಭಾಗದ ಐದರಲ್ಲಿ ಒಂದು ನಮಗೂ ಮೊದಲ ಮಳೆಗೇ ಸೋರಿತು. ಕಂಪನಿಯ ಕಿಟಕಿಯಲ್ಲಿ ದೋಷವಿರಲಿಲ್ಲ. ಪ್ಲಾಸ್ಟರ್ ಮಾಡಿದ ನಮ್ಮದೇ ಮೇಸ್ತ್ರಿ ನೀರು ಹೋಗುವ ಕಿಂಡಿಗಳಿಗೆ ಸಿಮೆಂಟ್ ಮೆತ್ತಿಬಿಟ್ಟಿದ್ದರು. ಕೆಳಗಿನ ಕಲ್ಲು ಹೊರಗೆ ಇಳಿಜಾರಾಗುವ ಬದಲು ಒಳಗೆ ವಾಲಿತ್ತು. ಕಂಪನಿಯವರು ಗಾರೆ ನಮ್ಮದಲ್ಲ ಅಂದರು, ಮೇಸ್ತ್ರಿ ಕಿಟಕಿ ನನ್ನದಲ್ಲ ಅಂದರು.

ಇಬ್ಬರ ನಡುವಿನ ಈ ಸಂದೇ ದೊಡ್ಡ ಕಂಪನಿಯ ಜೊತೆ ಕೆಲಸ ಮಾಡುವಾಗಿನ ಕಷ್ಟ. ಊರಿನವರು ಗಾರೆಯವರನ್ನೂ ತಾವೇ ಕರೆತಂದರೆ ಹೊಣೆ ಒಂದೇ ಕಡೆ ನಿಲ್ಲುತ್ತದೆ. ಯಾರಿಗೇ ಕೊಟ್ಟರೂ ಕೊನೆಯ ಹಣ ಕೊಡುವ ಮೊದಲು ಪೈಪ್ ಹಿಡಿದು ಪ್ರತಿ ಕಿಟಕಿಗೆ ಹತ್ತು ನಿಮಿಷ ಹೊರಗಿನಿಂದ ನೀರು ಬಿಡಿ.

‘ಹತ್ತು ವರ್ಷ ವಾರಂಟಿ’ ಅಂದ್ರೆ ಏನು ಸಿಗುತ್ತೆ?

ಹೆಚ್ಚಾಗಿ ಆ ಹತ್ತು ವರ್ಷ ಪ್ರೊಫೈಲ್‌ಗೆ ಮಾತ್ರ. ಬಣ್ಣ ಹೋಗುವುದಿಲ್ಲ, ಸೀಳುವುದಿಲ್ಲ ಅಂತ. ದಿನವೂ ಕೈಯಾಡುವ ಹ್ಯಾಂಡಲ್, ರೋಲರ್, ಲಾಕ್‌ಗೆ ಅದಕ್ಕಿಂತ ಕಡಿಮೆ. ಎರಡು ಪದರದ ಗಾಜಿನ ಒಳಗೆ ಮಂಜು ಕಟ್ಟಿದರೆ ಅದಕ್ಕೆ ಬೇರೆ ಅವಧಿ. ಕೂರಿಸಿದ ಕೆಲಸಕ್ಕೆ ಬೇರೆ. ಮನೆಯಲ್ಲಿ ಮೊದಲು ಕೈಕೊಡುವುದು ರೋಲರ್ ಮತ್ತು ಸಿಲಿಕಾನ್, ಪ್ರೊಫೈಲ್ ಅಲ್ಲ. ನಾಲ್ಕನ್ನೂ ಬೇರೆ ಬೇರೆ ಬರೆಸಿ. ಊರಿನವರ ಹತ್ತಿರ ಪ್ರೊಫೈಲ್ ಕಂಪನಿಯ ವಾರಂಟಿ ಪತ್ರ ನಿಮ್ಮ ಹೆಸರಿನಲ್ಲೇ ಬರುತ್ತದಾ ಕೇಳಿ.

ರಸ್ತೆ ಶಬ್ದಕ್ಕೆ ನಿದ್ದೆ ಬರಲ್ಲ. ಕಂಪನಿಯವರ ಡಬಲ್ ಗ್ಲಾಸೇ ಬೇಕಾ?

ಶಬ್ದ ನುಗ್ಗುವುದು ಸಂದಿನಿಂದ. ಒಂದು ಬೆರಳು ಹೋಗುವ ಸಂದಿದ್ದರೆ ಎಷ್ಟು ದುಬಾರಿ ಗಾಜೂ ವ್ಯರ್ಥ. ರಬ್ಬರಿಗೆ ಒತ್ತಿ ಮುಚ್ಚುವ ಕೇಸ್‌ಮೆಂಟ್ ಮೊದಲು. ಆಮೇಲೆ ಗಾಜು. ನಡುವೆ ಪದರ ಇಟ್ಟು ಅಂಟಿಸಿದ ಲ್ಯಾಮಿನೇಟೆಡ್ ಗಾಜು ಟ್ರಾಫಿಕ್ ಶಬ್ದಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಎರಡು ಪದರದ ಗಾಜು ತಗೊಳ್ಳುವುದಾದರೆ ಎರಡೂ ಒಂದೇ ದಪ್ಪ ಬೇಡ, 6 ಮತ್ತು 5 ಹೀಗಿರಲಿ. ಸೆಕೆಗೆ ಮಾತ್ರ ಅಂತ ಬೆಂಗಳೂರಿನಲ್ಲಿ ಡಬಲ್ ಗ್ಲಾಸ್ ಹಾಕಿಸುವುದು ನನ್ನ ಪ್ರಕಾರ ದುಂದು, ಒಂದು ಒಳ್ಳೆ ಸಜ್ಜಾ ಸಾಕು. ಶಬ್ದ ತಡೆಯುವ ಕೆಲಸದಲ್ಲಿ ಅನುಭವವಿಲ್ಲದ ಊರಿನವರಿಗಿಂತ ದೊಡ್ಡ ಕಂಪನಿಯೇ ವಾಸಿ. ಅವರ ಶೋರೂಮಿನಲ್ಲಿ ಕೇಳಿಸಿಕೊಂಡೇ ತೀರ್ಮಾನಿಸಬಹುದು.

ನಾನಿರೋದು ಅಮೆರಿಕದಲ್ಲಿ. ಮೈಸೂರಿನ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ದೂರದಿಂದ ಹೇಗೆ ಮಾಡಿಸಲಿ?

ದೂರದಲ್ಲಿರುವವರು ದೊಡ್ಡ ಹೆಸರನ್ನು ಹುಡುಕುವುದು ಸಹಜ. ಇಮೇಲ್‌ಗೆ ಉತ್ತರ ಬರುತ್ತದೆ, ಆನ್‌ಲೈನ್‌ನಲ್ಲಿ ಹಣ ಕಟ್ಟಬಹುದು. ಆದರೆ ಧೂಳು, ಗದ್ದಲ, ಕಿಟಕಿಯಿಲ್ಲದ ರಾತ್ರಿ ಎಲ್ಲ ಸಹಿಸುವವರು ಅಪ್ಪ ಅಮ್ಮ. ಒಂದೇ ಸಲ ಎಲ್ಲ ಕೀಳಿಸಬೇಡಿ. ದಿನಕ್ಕೆ ಒಂದು ಕೋಣೆ, ಸಂಜೆಯೊಳಗೆ ಗಾಜು ಕೂರಬೇಕು ಅಂತ ಬರೆಸಿ. ಹತ್ತಿರದ ನೆಂಟರೊಬ್ಬರು ಆ ದಿನಗಳಲ್ಲಿ ಮನೆಯಲ್ಲಿರಲಿ. ಹ್ಯಾಂಡಲ್ ಯಾವುದು ಅನ್ನುವುದನ್ನು ಅಮ್ಮನ ಕೈಯಲ್ಲೇ ಆಡಿಸಿ ಆರಿಸಿ. ಬೆರಳು ನೋವಿರುವವರಿಗೆ ಒತ್ತಿ ತಿರುಗಿಸುವ ಲಾಕ್ ತುಂಬಾ ಕಷ್ಟ.

ದುಡ್ಡೆಲ್ಲ ಕೊಟ್ಟಾಯ್ತು, ಈಗ ಫೋನೇ ಎತ್ತಲ್ಲ. ಏನು ಮಾಡ್ಲಿ?

ಫೋನ್ ಬಿಡಿ, ಬರವಣಿಗೆಗೆ ಇಳಿಯಿರಿ. ಫೋಟೊ, ಬಿಲ್ ಸಮೇತ ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಕಳಿಸಿ, 15 ದಿನ ಗಡುವು ಕೊಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿಯ ಮುಖ್ಯ ಕಚೇರಿ ದೆಹಲಿಯಲ್ಲಿದ್ದರೂ ಹೆದರಬೇಕಿಲ್ಲ. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ತೊಂದರೆ ಆದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕು.

ಐದಾರು ವರ್ಷ ಆದ್ಮೇಲೆ ಆ ಅಂಗಡಿಯೇ ಮುಚ್ಚಿದ್ರೆ ಬಿಡಿಭಾಗ ಎಲ್ಲಿ ಸಿಗುತ್ತೆ?

ಅಂಗಡಿ ಮುಚ್ಚುವುದು ಊರಿನವರದು ಮಾತ್ರ ಅಲ್ಲ, ಡೀಲರ್‌ಗಳೂ ಬದಲಾಗುತ್ತಾರೆ. ಎಲ್ಲ ಕಡೆ ಬಳಸುವ ಪ್ರೊಫೈಲ್ ಆಗಿದ್ದರೆ ಇನ್ನೊಬ್ಬ ಫ್ಯಾಬ್ರಿಕೇಟರ್ ಹತ್ತಿರ ರೋಲರ್, ರಬ್ಬರ್ ಸಿಗುತ್ತವೆ. ತನ್ನದೇ ವಿನ್ಯಾಸ ಇಟ್ಟುಕೊಂಡ ಕಂಪನಿಯಾದರೆ ಅವರನ್ನೇ ಕಾಯಬೇಕು. ಕೆಲಸ ಮುಗಿಯುವ ದಿನ ನಾಲ್ಕು ರೋಲರ್, ಎರಡು ಹ್ಯಾಂಡಲ್, ಮೂರು ನಾಲ್ಕು ಮೀಟರ್ ರಬ್ಬರ್ ಜಾಸ್ತಿ ಕೇಳಿ ತಗೊಳ್ಳಿ. ಒಂದು ಡಬ್ಬಿಯಲ್ಲಿ ಹಾಕಿ, ಪ್ರೊಫೈಲ್ ಹೆಸರು ಮತ್ತು ಸಂಖ್ಯೆ ಬರೆದ ಚೀಟಿ ಅಂಟಿಸಿ ಅಟ್ಟದ ಮೇಲಿಡಿ. ನಮ್ಮನೆಯಲ್ಲಿ ಆ ಡಬ್ಬಿ ಈಗಾಗಲೇ ಒಮ್ಮೆ ಕೆಳಗಿಳಿದಿದೆ. ಅಡುಗೆಮನೆಯ ಕಿಟಕಿಯ ರೋಲರ್ ಅನ್ನು ಅಮ್ಮ ಪಕ್ಕದ ಬೀದಿಯ ಹುಡುಗನನ್ನು ಕರೆದು ಅರ್ಧ ಗಂಟೆಯಲ್ಲಿ ಹಾಕಿಸಿದರು.